ಸಿಟ್ರಸ್ ಇಳಿಯುವ, ಅಂಬರ್ ಏರುವ ಆ ಅರ್ಧ ಗಂಟೆ

ಅಂಬರ್ ಪರ್ಫ್ಯೂಮ್‌ಗಳನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಎರಡು ತುದಿಗಳನ್ನಷ್ಟೇ ವರ್ಣಿಸುತ್ತಾರೆ: ಸಿಂಪಡಿಸಿದ ಕ್ಷಣದ ನಿಂಬೆ-ಕಿತ್ತಳೆಯ ಚುರುಕು, ಮತ್ತು ಗಂಟೆಗಳ ನಂತರ ಚರ್ಮಕ್ಕೆ ಅಂಟಿಕೊಂಡಿರುವ ಸಿಹಿಯಾದ ಬೆಚ್ಚನೆಯ ಪರಿಮಳ. ನನ್ನ ಮಟ್ಟಿಗೆ ಇವೆರಡಕ್ಕಿಂತ ಮುಖ್ಯವಾದುದು ನಡುವಿನ ಹೊತ್ತು. ಸಿಟ್ರಸ್ ಹೊರಟುಹೋದ ಜಾಗದಲ್ಲಿ ಅಂಬರ್ ಒಮ್ಮೆಲೇ ಬಂದು ಕುಳಿತರೆ ಅದು ಎರಡು ಪರ್ಫ್ಯೂಮ್‌ಗಳನ್ನು ಒಂದರ ನಂತರ ಒಂದು ಹಚ್ಚಿಕೊಂಡಂತೆ ಆಗುತ್ತದೆ.

ಇಲ್ಲಿ ಅಂಬರ್ ಎಂದರೆ ಆಭರಣಗಳಲ್ಲಿ ಬಳಸುವ ಪಳೆಯುಳಿಕೆ ರಾಳವಲ್ಲ, ತಿಮಿಂಗಿಲದಿಂದ ದೊರೆಯುವ ಅಂಬರ್‌ಗ್ರೀಸ್ ಕೂಡ ಅಲ್ಲ. ಸಿಸ್ಟಸ್ ಎಂಬ ಮೆಡಿಟರೇನಿಯನ್ ಪೊದೆಯ ಅಂಟಾದ ಲ್ಯಾಬ್ಡನಂ, ಜೊತೆಗೆ ಲೋಬಾನ ಮತ್ತು ವೆನಿಲಾಗಳನ್ನು ಕೂಡಿಸಿ ಕಟ್ಟಿದ ಪರಿಮಳವಿದು. 1874ರಲ್ಲಿ ವೆನಿಲಾದ ಪರಿಮಳದ ಮುಖ್ಯ ಅಂಶವಾದ ವೆನಿಲಿನ್ ಅನ್ನು ಪ್ರಯೋಗಾಲಯದಲ್ಲಿ ತಯಾರಿಸಲು ಸಾಧ್ಯವಾದ ಮೇಲೆ ಈ ಬಗೆಯ ಸಂಯೋಜನೆಗಳಿಗೆ ದಾರಿ ಸುಗಮವಾಯಿತು.

ಚರ್ಮದ ಮೇಲೆ ಮೊದಲು ಆವಿಯಾಗುವುದು ಆಲ್ಕೊಹಾಲ್. ಅದು ಹೋಗುವಾಗ ಚರ್ಮದ ಶಾಖವನ್ನೂ ಒಯ್ಯುವುದರಿಂದ ತಂಪೆನಿಸುತ್ತದೆ. ಆ ಮೊದಲ ನಿಮಿಷದಲ್ಲಿ ಮೂಗನ್ನು ಹತ್ತಿರ ಒಯ್ಯದಿರುವುದೇ ಒಳ್ಳೆಯದು. ಅದರ ಹಿಂದೆಯೇ ಸಿಟ್ರಸ್ ಎಣ್ಣೆಗಳ ಮುಖ್ಯ ಅಂಶವಾದ ಲಿಮೊನೀನ್ ಹೊರಡುತ್ತದೆ. ಲಿಮೊನೀನ್‌ನ ಕುದಿಬಿಂದು ಸುಮಾರು 176 ಡಿಗ್ರಿ ಸೆಲ್ಸಿಯಸ್, ವೆನಿಲಿನ್‌ನದು ಸುಮಾರು 285. ಕುತೂಹಲದ ಸಂಗತಿಯೆಂದರೆ ಅವುಗಳ ಅಣುತೂಕ 136 ಮತ್ತು 152, ಅಂದರೆ ಹೆಚ್ಚೇನೂ ದೂರವಿಲ್ಲ. ವೆನಿಲಿನ್ ಅಣುಗಳು ಒಂದನ್ನೊಂದು ಬಿಗಿಯಾಗಿ ಸೆಳೆದುಕೊಂಡಿರುವುದರಿಂದಲೇ ಅವು ಗಾಳಿಗೆ ಸೇರಲು ಅಷ್ಟು ಹಿಂಜರಿಯುತ್ತವೆ. ಹಾಗೆಂದು ಅಂಬರ್ ತಡವಾಗಿ ಬರುತ್ತದೆ ಎನ್ನುವುದು ಸರಿಯಲ್ಲ. ಅದು ಮೊದಲಿನಿಂದಲೂ ಅಲ್ಲೇ ಇರುತ್ತದೆ, ಮುಂದೆ ನಿಂತ ಸಿಟ್ರಸ್ ಸರಿದಾಗ ನಮಗೆ ಗೊತ್ತಾಗುತ್ತದೆ.

ಬರೀ ನಿಂಬೆ ಅಥವಾ ಕಿತ್ತಳೆಯ ಎಣ್ಣೆಯಾದರೆ ಕಾಲು ಗಂಟೆಯಲ್ಲೇ ಬಹುಪಾಲು ಮುಗಿದುಹೋಗುತ್ತದೆ. ಬರ್ಗಮಾಟ್ ಎಂಬ ಸಿಟ್ರಸ್ ಹಣ್ಣಿನ ಎಣ್ಣೆಯ ಮಹತ್ವ ಇಲ್ಲಿದೆ. ಅದರಲ್ಲಿ ಲಿಮೊನೀನ್ ಜೊತೆಗೆ ಲಿನಾಲಿಲ್ ಅಸಿಟೇಟ್ ಕೂಡ ಧಾರಾಳವಾಗಿದ್ದು, ಲ್ಯಾವೆಂಡರ್ ಅನ್ನು ನೆನಪಿಸುವ ಅದರ ಮೃದುವಾದ ಹೂವಿನ ಛಾಯೆ ಸ್ವಲ್ಪ ಹೆಚ್ಚು ಹೊತ್ತು ನಿಂತು ಕೆಳಗಿನ ವೆನಿಲಾದ ಕೈಹಿಡಿಯುತ್ತದೆ. ಫ್ರಾನ್ಸಿನ ಗೆರ್ಲಾನ್ ಸಂಸ್ಥೆಯ 1925ರ ಶಾಲಿಮಾರ್ ಪರ್ಫ್ಯೂಮ್‌ನಲ್ಲಿ ಧಾರಾಳವಾದ ಬರ್ಗಮಾಟ್ ಕೆಳಗೆ ವೆನಿಲಿನ್‌ನ ಹತ್ತಿರದ ಸಂಬಂಧಿಯಾದ ಇಥೈಲ್ ವೆನಿಲಿನ್ ಇರುವ ರೀತಿ ಇದಕ್ಕೆ ಇಂದಿಗೂ ಒಳ್ಳೆಯ ಉದಾಹರಣೆ. ಸಿಟ್ರಸ್‌ನ ಒಣ ಕಹಿ ಇಲ್ಲದಿದ್ದರೆ ಇಂತಹ ಅಂಬರ್ ನನಗೆ ಬಹಳ ಬೇಗ ಹೇಸಿಗೆ ಹುಟ್ಟಿಸುವಷ್ಟು ಸಿಹಿಯೆನಿಸುತ್ತದೆ.

ಈ ಬದಲಾವಣೆಯ ವೇಗ ಚರ್ಮವನ್ನೂ ಅವಲಂಬಿಸಿದೆ. ಒಣ ಚರ್ಮದ ಮೇಲೆ ಪರಿಮಳ ಬೇಗ ಕುಂದುತ್ತದೆ. ವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚಿದ ಮೇಲೆ ಸಿಂಪಡಿಸಿದರೆ ಹೆಚ್ಚು ಹೊತ್ತು ನಿಲ್ಲುತ್ತದೆ. ಮಣಿಕಟ್ಟುಗಳನ್ನು ಉಜ್ಜಿದರೆ ಅಣುಗಳು ಒಡೆಯುತ್ತವೆ ಎಂಬ ಮಾತಿನಲ್ಲಿ ಹುರುಳಿಲ್ಲ, ಆದರೆ ಉಜ್ಜಿದ ಶಾಖಕ್ಕೆ ಸಿಟ್ರಸ್ ಇನ್ನೂ ಬೇಗ ಹಾರಿಹೋಗುತ್ತದೆ. ಅಂಗಡಿಯ ಕಾಗದದ ಪಟ್ಟಿಗೆ ಮೈಯ ಶಾಖವಿಲ್ಲ. ಅದರಲ್ಲಿ ನಿಂಬೆ ನಿಧಾನವಾಗಿ ಇಳಿಯುವುದರಿಂದ ಅದನ್ನಷ್ಟೇ ನಂಬಿ ಕೊಳ್ಳಬಾರದು. (ಮನೆಯಲ್ಲೇ ಬರ್ಗಮಾಟ್ ಎಣ್ಣೆ ಬೆರೆಸುವವರು ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋಗಬಾರದು: ಅದರಲ್ಲಿರುವ ಬರ್ಗಾಪ್ಟೆನ್ ಬಿಸಿಲಿನಲ್ಲಿ ಚರ್ಮವನ್ನು ಸುಡುತ್ತದೆ. ಅದನ್ನು ತೆಗೆದ ಎಣ್ಣೆಯೂ ಸಿಗುತ್ತದೆ.)

ಹಳೆಯ ಬಾಟಲಿಯಲ್ಲಿ ಕೆಡುವುದೂ ಮೊದಲು ಸಿಟ್ರಸ್ಸೇ. ಗಾಳಿ, ಬೆಳಕು ತಾಗಿ ಲಿಮೊನೀನ್ ಆಕ್ಸಿಡೀಕರಣಗೊಂಡರೆ ಆರಂಭದಲ್ಲಿ ಟರ್ಪೆಂಟೈನ್‌ನಂಥ ಒಂದು ಒಗರು ವಾಸನೆ ಬರುತ್ತದೆ, ಅಂಬರ್ ಮಾತ್ರ ಬಹುಮಟ್ಟಿಗೆ ಮೊದಲಿನಂತೆಯೇ ಇರುತ್ತದೆ. ಅಂತಹ ಬಾಟಲಿಯನ್ನು ಎಸೆಯಬೇಕಾಗಿಲ್ಲ ಎನ್ನುವವರಿದ್ದಾರೆ. ಆದರೆ ಆಕ್ಸಿಡೀಕರಣಗೊಂಡ ಲಿಮೊನೀನ್ ಕೆಲವರ ಚರ್ಮಕ್ಕೆ ಅಲರ್ಜಿ ತರುತ್ತದೆ, ಹಾಗಾಗಿ ನಾನು ಅದನ್ನು ಮೈಗೆ ಹಚ್ಚುವುದಿಲ್ಲ.