ಬೆಕ್ಕಿನ ಚಿತ್ರದ ಹಿಂಬದಿ

ಬರ್ಲಿನ್‌ನಲ್ಲಿ ನಾವಿರುವುದು ಶೋನೆಬರ್ಗ್‌ನಲ್ಲಿ. ಇಲ್ಲಿನ ಕೆಲವು ಬೀದಿಗಳ ದೀಪದ ಕಂಬಗಳ ಮೇಲೆ ಬಣ್ಣದ ಫಲಕಗಳಿವೆ. ಒಂದು ಬದಿಯಲ್ಲಿ ಬೆಂಚು, ಬ್ರೆಡ್ಡು, ಬೆಕ್ಕು ಹೀಗೆ ಮಕ್ಕಳ ಪುಸ್ತಕದಲ್ಲಿರುವಂಥ ಚಿತ್ರ. ನನ್ನ ಮಗಳಿಗೆ ಬೆಕ್ಕಿನದು ತುಂಬಾ ಇಷ್ಟ. ಎರಡನೇ ಕ್ಲಾಸಿಗೆ ಬಂದ ಮೇಲೆ ಒಂದು ದಿನ ಹಿಂಬದಿಗೆ ಹೋಗಿ ತಾನೇ ಓದಿದಳು: ಯಹೂದಿಗಳು ಇನ್ನು ಮುಂದೆ ಸಾಕುಪ್ರಾಣಿ ಇಟ್ಟುಕೊಳ್ಳುವಂತಿಲ್ಲ. ಕೆಳಗೆ 1942 ಎಂಬ ಇಸವಿ.

"ಅಮ್ಮ, ಮತ್ತೆ ಅವರ ಬೆಕ್ಕು ಎಲ್ಲಿಗೆ ಹೋಯ್ತು?"

ಒಪ್ಪಿಸಬೇಕಾಗಿತ್ತು ಅಂದೆ. ಆಮೇಲೆ ಕೊಲ್ಲುತ್ತಿದ್ದರು ಅನ್ನುವುದನ್ನು ಹೇಳಲಿಲ್ಲ. ಸುಳ್ಳು ಹೇಳಲಿಲ್ಲ, ಪೂರ್ತಿ ಹೇಳಲೂ ಇಲ್ಲ.

ಇಂಥ 80 ಫಲಕಗಳಿವೆ. ರೆನಾಟಾ ಶ್ಟಿ, ಫ್ರೀಡರ್ ಶ್ನೋಕ್ ಎಂಬ ಇಬ್ಬರು ಕಲಾವಿದರು 1993ರಲ್ಲಿ ಮಾಡಿದ್ದು. ಹೆಚ್ಚಿನವು ಹಿಟ್ಲರನ ಕಾಲದ ನಿಜವಾದ ಆದೇಶಗಳು. ಹಳದಿ ಗುರುತಿನ ಬೆಂಚಲ್ಲಿ ಮಾತ್ರ ಕೂರಬೇಕು. ಸಂಜೆ 4ರಿಂದ 5ರೊಳಗೆ ಮಾತ್ರ ದಿನಸಿ ಕೊಳ್ಳಬೇಕು. "ಅಷ್ಟೊತ್ತಿಗೆ ಬ್ರೆಡ್ ಖಾಲಿ ಆಗಿರಲ್ವಾ?" ಎಂದಳು ಮಗಳು. ಸರಿಯಾಗಿಯೇ ಹಿಡಿದಳು. ಕೊಂದದ್ದು 60 ಲಕ್ಷ ಯಹೂದಿಗಳನ್ನು ಎಂದಿದ್ದರೆ ಅವಳಿಗೆ ಏನೂ ತಿಳಿಯುತ್ತಿರಲಿಲ್ಲ.

ಇಷ್ಟು ಸಣ್ಣ ಮಗುವಿಗೆ ಇದೆಲ್ಲ ಯಾಕೆ ಎಂದು ನನ್ನಮ್ಮ ಫೋನಿನಲ್ಲಿ ಬೇಜಾರು ಮಾಡಿಕೊಂಡರು. ಆದರೆ ನಾನು ಬಚ್ಚಿಟ್ಟರೂ ಅವಳು ಕಂಬದ ಮೇಲೆ ಓದುತ್ತಾಳಲ್ಲ. ಒಬ್ಬಳೇ ಓದಿ ಹೆದರುವುದಕ್ಕಿಂತ ನನ್ನ ಕೈ ಹಿಡಿದು ಓದಲಿ.

ಮಗ ಒಂಬತ್ತನೇ ಕ್ಲಾಸು. ಅವನ ಕ್ಲಾಸಿನವರನ್ನು ಗ್ರೂನೆವಾಲ್ಡ್ ಸ್ಟೇಷನ್ನಿನ 17ನೇ ಪ್ಲಾಟ್‌ಫಾರಂಗೆ ಕರೆದುಕೊಂಡು ಹೋಗಿದ್ದರು. 1941ರ ಅಕ್ಟೋಬರ್‌ನಿಂದ ಬರ್ಲಿನ್ನಿನ ಯಹೂದಿಗಳನ್ನು ರೈಲಿಗೆ ತುಂಬಿ ಕಳಿಸಿದ ಜಾಗಗಳಲ್ಲಿ ಇದೂ ಒಂದು. ಹಳಿಯ ಪಕ್ಕದಲ್ಲಿ 186 ಉಕ್ಕಿನ ಹಲಗೆಗಳಿವೆ. ಒಂದೊಂದರಲ್ಲೂ ತಾರೀಖು, ಎಷ್ಟು ಜನ, ಎಲ್ಲಿಗೆ. ಅಷ್ಟೇ. ಹಳಿಗಳ ನಡುವೆ ಈಗ ಮರಗಳು ಬೆಳೆದಿವೆ.

ಟೀಚರ್ ಭಾಷಣ ಮಾಡಲಿಲ್ಲವಂತೆ. ಸುಮ್ನೆ ನಡೆದು ಓದಿ ಎಂದರಂತೆ. ಇದಕ್ಕೊಂದು ಹಿನ್ನೆಲೆ ಇದೆ. 1976ರಲ್ಲಿ ಜರ್ಮನಿಯ ಬಾಯ್ಟೆಲ್ಸ್‌ಬಾಖ್ ಎಂಬ ಊರಲ್ಲಿ ಶಿಕ್ಷಣದವರು ಸೇರಿ ಕೆಲವು ತತ್ವಗಳನ್ನು ಒಪ್ಪಿದ್ದರು. ವಿದ್ಯಾರ್ಥಿಯ ಮೇಲೆ ಮುಗಿಬಿದ್ದು ನಿಮ್ಮ ಅಭಿಪ್ರಾಯ ಹೇರಬೇಡಿ, ಅವರೇ ಯೋಚಿಸಲಿ ಅನ್ನುವುದು ಅದರಲ್ಲಿ ಮೊದಲನೆಯದು. ಹೆಣಗಳ ಫೋಟೋ ತೋರಿಸಿ ಅಳಿಸುವುದೇ ಪಾಠ ಎಂದು ನಾನೂ ಅಂದುಕೊಂಡಿದ್ದೆ. ಅತ್ತ ಮಗು ಕಣ್ಣೊರೆಸಿಕೊಂಡು ಮರೆತುಬಿಡಬಹುದು. ಮಗ ಅಳಲಿಲ್ಲ. ರಾತ್ರಿ ಊಟದ ಹೊತ್ತಿಗೆ ತಟ್ಟನೆ ಕೇಳಿದ: "ಇಷ್ಟು ರೈಲಿಗೆ ಯಾರೋ ಟೈಮ್‌ಟೇಬಲ್ ಬರೆದಿರ್ತಾರಲ್ವಾ? ಯಾರೋ ಕೂತು ತಲೆ ಎಣಿಸಿರ್ತಾರೆ. ಅವರು ಮನೆಗೆ ಹೋಗಿ ಏನು ಹೇಳ್ತಿದ್ರು?" ಆ ರಾತ್ರಿ ತುಂಬಾ ಹೊತ್ತು ಮಾತಾಡಿದೆವು. ಅವನ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ.

ನವೆಂಬರ್ 9 ಬಂದರೆ, 1938ರಲ್ಲಿ ಯಹೂದಿಗಳ ಮೇಲೆ ನಡೆದ ದಾಳಿಯ ರಾತ್ರಿಯ ನೆನಪಿಗೆ, ಜನ ಮನೆ ಮುಂದಿನ ನೆನಪಿನ ಕಲ್ಲುಗಳನ್ನು ಉಜ್ಜಿ ಮೋಂಬತ್ತಿ ಇಡುತ್ತಾರೆ. 10 ಸೆಂಟಿಮೀಟರ್ ಅಗಲದ ಹಿತ್ತಾಳೆ ತಲೆಯ ಕಲ್ಲುಗಳು, ಆ ಮನೆಯಲ್ಲಿದ್ದು ಬಲಿಯಾದವರ ಹೆಸರು ಕೆತ್ತಿದವು. ಗುಂಟರ್ ಡೆಮ್ನಿಗ್ ಎಂಬ ಕಲಾವಿದ ಶುರು ಮಾಡಿದ್ದು. ಈಗ ಯುರೋಪಿನಲ್ಲಿ 1 ಲಕ್ಷಕ್ಕೂ ಜಾಸ್ತಿ ಇವೆ. ಈ ಸಲ ನಾವೂ ಬಟ್ಟೆ, ಪಾಲಿಶ್ ಹಿಡಿದು ಕೂತೆವು. ನಮ್ಮ ಬೀದಿಯಲ್ಲಿ ಒಂದು ಬಾಗಿಲ ಮುಂದೆ ಮೂರು ಕಲ್ಲು. ಅಪ್ಪ, ಅಮ್ಮ, ಮಗಳು. ಆ ಹುಡುಗಿ ಹುಟ್ಟಿದ ಇಸವಿ, ಕರೆದೊಯ್ದ ಇಸವಿ ನೋಡಿ ನನ್ನ ಮಗಳು ಬೆರಳು ಮಡಿಸಿದಳು. ಎಂಟು.

"ಅಮ್ಮ, ಇವಳ ಹತ್ರ ಬೆಕ್ಕಿತ್ತಾ?"

"ಗೊತ್ತಿಲ್ಲ ಪುಟ್ಟಿ."

ಬಟ್ಟೆ ಕೈಗೆ ತಗೊಂಡು ಆ ಹೆಸರನ್ನು ಇನ್ನೊಂದು ಸಲ ಉಜ್ಜಿದಳು.