ಬೌಲಿಂಗ್ ಬೇಡ ಅಂತ ಬರೆದೆ, ಥ್ರೋ ಬಗ್ಗೆ ಬರೆಯಲಿಲ್ಲ

ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ನಮ್ಮ ಫಿಸಿಯೋ ಓಪಿಡಿಗೆ ಮೊಣಕೈ ಹಿಡಿದುಕೊಂಡು ಮಕ್ಕಳು ಬರೋಕೆ ಶುರುವಾಗುತ್ತಾರೆ. ಬೆಂಗಳೂರಿನಲ್ಲಿ ಏಪ್ರಿಲ್, ಮೇ ಅಂದರೆ ಸಮ್ಮರ್ ಕ್ಯಾಂಪ್. ಬೆಳಿಗ್ಗೆ ಆರಕ್ಕೆ ಒಂದು ಅಕಾಡೆಮಿ, ಸಂಜೆ ಅಪಾರ್ಟ್‌ಮೆಂಟಿನಲ್ಲಿ ಇನ್ನೊಬ್ಬ ಕೋಚ್, ಭಾನುವಾರ ಅಪ್ಪನ ಜೊತೆ ಎಕ್ಸ್‌ಟ್ರಾ ಪ್ರಾಕ್ಟೀಸ್. ಈ ಸಲ ಒಂದು ಮಗುವಿನ ಫೈಲ್ ಮೇಲೆ ನಮ್ಮ ಹೊಸ ಜೂನಿಯರ್ "ಟೆನಿಸ್ ಎಲ್ಬೋ, ಯುಎಸ್‌ಟಿ + ಟೆನ್ಸ್, 10 ಸಿಟಿಂಗ್" ಅಂತ ಹಾಕಿದ್ದ, ಅಂದರೆ ಅಲ್ಟ್ರಾಸೌಂಡ್ ಮತ್ತು ಸಣ್ಣ ಕರೆಂಟಿನ ಚಿಕಿತ್ಸೆ, ಹತ್ತು ಸಲ. ಅವನ ತಪ್ಪಲ್ಲ. ನಮ್ಮ ಸಾಫ್ಟ್‌ವೇರಿನಲ್ಲಿ ಮೊಣಕೈ ಅಂತ ಒತ್ತಿದರೆ ಡ್ರಾಪ್‌ಡೌನ್‌ನಲ್ಲಿ ಬರುವುದೇ ಟೆನಿಸ್ ಎಲ್ಬೋ, ಗಾಲ್ಫರ್ಸ್ ಎಲ್ಬೋ, ಫ್ರ್ಯಾಕ್ಚರ್ ನಂತರದ್ದು, ಇತರೆ. "ಇತರೆ" ಒತ್ತಿದರೆ ಬಿಲ್ಲಿಂಗ್‌ನಿಂದ ಫೋನ್ ಬರುತ್ತದೆ. ವಯಸ್ಸು 11 ಇರಲಿ, 45 ಇರಲಿ, ಟೆಂಪ್ಲೇಟ್ ಒಂದೇ.

ಆ ಫೈಲ್ ನೋಡಿ ಹಿಂದಿನದೊಂದು ಕೇಸ್ ನೆನಪಾಯಿತು. ಅದರಲ್ಲೂ ಶುರುವಾಗಿದ್ದು ಹೀಗೇ.

ಹುಡುಗನಿಗೆ 12 ವರ್ಷ. ಮೀಡಿಯಂ ಪೇಸ್ ಹಾಕುತ್ತಿದ್ದ. ಬಲ ಮೊಣಕೈಯ ಒಳಮಗ್ಗುಲಲ್ಲಿ ನೋವು, ಕ್ಯಾಂಪ್‌ನ ಕೊನೆಯ ವಾರಗಳಲ್ಲಿ ಶುರುವಾಗಿದ್ದು. ಅಪ್ಪ ಕೂತ ತಕ್ಷಣ ಹೇಳಿದ್ದು, "ಟೆನಿಸ್ ಎಲ್ಬೋ ಇರ್ಬೇಕು ಮೇಡಂ, ಸಚಿನ್‌ಗೂ ಆಗಿತ್ತಲ್ವಾ?" ಕ್ರಿಕೆಟ್ ಆಡುವ ಮಕ್ಕಳ ಅಪ್ಪಂದಿರೆಲ್ಲ ಇದನ್ನು ಹೇಳುತ್ತಾರೆ, ಅದೂ ಸ್ವಲ್ಪ ಹೆಮ್ಮೆಯಿಂದ. ಆಗಿತ್ತು ಸರ್, 2004ರಲ್ಲಿ. ಆಗ ಸಚಿನ್‌ಗೆ 31 ವರ್ಷ, ನಿಮ್ಮ ಮಗನಿಗೆ ಇನ್ನೂ ಮೀಸೆ ಬಂದಿಲ್ಲ.

ಇಲ್ಲಿರುವ ವ್ಯತ್ಯಾಸ ದೊಡ್ಡದು. ದೊಡ್ಡವರಲ್ಲಿ ಅತಿಯಾದ ಬಳಕೆಯಿಂದ ಸವೆಯುವುದು ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಆ ದಾರ. ಮಕ್ಕಳಲ್ಲಿ ಟೆಂಡನ್ ಗಟ್ಟಿಯಾಗಿಯೇ ಇರುತ್ತದೆ, ಅದು ಅಂಟಿಕೊಂಡಿರುವ ಜಾಗ ಮಾತ್ರ ಇನ್ನೂ ಪೂರ್ತಿ ಮೂಳೆ ಆಗಿರುವುದಿಲ್ಲ. ಹಸಿ ಗೋಡೆಗೆ ಹೊಡೆದ ಮೊಳೆಗೆ ಹಗ್ಗ ಕಟ್ಟಿ ಎಳೆದರೆ ಹಗ್ಗ ಹರಿಯಲ್ಲ, ಮೊಳೆಯೇ ಕಿತ್ತು ಬರುತ್ತದೆ. ಮೊಣಕೈಯ ಒಳಬದಿ ಕೈಗೆ ಸಿಗುವ ಆ ಗುಬುಟು, ಮೀಡಿಯಲ್ ಎಪಿಕಾಂಡೈಲ್, ಐದಾರು ವರ್ಷದ ಹೊತ್ತಿಗೆ ಮೂಳೆಯಾಗೋಕೆ ಶುರುವಾಗಿ ಹುಡುಗರಲ್ಲಿ 15ರಿಂದ 17ರವರೆಗೂ ಪೂರ್ತಿ ಕೂಡಿಕೊಂಡಿರುವುದಿಲ್ಲ. ಹುಡುಗಿಯರಲ್ಲಿ ಸ್ವಲ್ಪ ಬೇಗ ಕೂಡುತ್ತದೆ. ಮಣಿಕಟ್ಟು ಮಡಚುವ ಸ್ನಾಯುಗಳ ಟೆಂಡನ್ ಎಲ್ಲ ಹಿಡಿದುಕೊಂಡಿರುವುದು ಅಲ್ಲೇ. ಅಮೆರಿಕದಲ್ಲಿ ಬೇಸ್‌ಬಾಲ್ ಆಡುವ ಮಕ್ಕಳಲ್ಲಿ ಆ ಜಾಗ ಎಳೆದು ಬರುವ ಈ ನೋವು ಎಷ್ಟು ಸಾಮಾನ್ಯ ಅಂದರೆ 1960ರಲ್ಲೇ ಇದಕ್ಕೆ ಲಿಟಲ್ ಲೀಗರ್ಸ್ ಎಲ್ಬೋ ಅಂತ ಹೆಸರಿಟ್ಟರು. ನಮ್ಮ ಡ್ರಾಪ್‌ಡೌನ್‌ಗೆ ಅದಿನ್ನೂ ಬಂದು ಮುಟ್ಟಿಲ್ಲ.

ಅವತ್ತು ನನಗೆ ನನ್ನ ಮೇಲೇ ಮೆಚ್ಚುಗೆ. ಆಗಿನ ಜೂನಿಯರ್ ಆಗಲೇ ಜೆಲ್ ಹಚ್ಚಿ ಯುಎಸ್‌ಟಿ ಪ್ರೋಬ್ ಕೈಗೆತ್ತಿಕೊಂಡಿದ್ದಳು, ತಡೆದೆ. ಬೆಳೆಯುವ ಮೂಳೆಯ ತುದಿ ಮೇಲೆ ಅಲ್ಟ್ರಾಸೌಂಡ್ ಇಡಬಾರದು ಅಂತ ಎಲ್ಲರೂ ಓದಿರುತ್ತೇವೆ, ಟೆಂಪ್ಲೇಟ್ ಮುಂದೆ ಎಲ್ಲರೂ ಮರೆಯುತ್ತೇವೆ. ಒಳಮಗ್ಗುಲಿನ ಗುಬುಟನ್ನು ಬೆರಳಿನಿಂದ ಒತ್ತಿದೆ. ವ್ಯಾಲ್ಗಸ್ ಸ್ಟ್ರೆಸ್ ಹಾಕಿದೆ, ಅಂದರೆ ಮೊಣಕೈಯ ಒಳಮಗ್ಗುಲು ತೆರೆಯುವ ಹಾಗೆ ಮುಂಗೈಯನ್ನು ಹೊರಕ್ಕೆ ತಳ್ಳಿ ನೋಡಿದೆ. "ನೋವಾಗ್ತಿದ್ಯೇನೋ?" ಅಂದರೆ ಅಪ್ಪನ ಮುಖ ನೋಡಿ "ಇಲ್ಲ ಮ್ಯಾಮ್" ಅಂದ. ಮುಖ ಕಲ್ಲಿನ ಹಾಗಿತ್ತು, ಕಾಲ್ಬೆರಳು ಮಾತ್ರ ಮುದುಡಿಕೊಂಡವು. ಅಪ್ಪನಿಗೆ "ಸರ್, ಬಿಲ್ಲಿಂಗ್ ಮುಗಿಸಿ ಬನ್ನಿ" ಅಂತ ಹೊರಗೆ ಕಳಿಸಿ ಮತ್ತೆ ಕೇಳಿದೆ. ಆಗ ಹೇಳಿದ. ರಾತ್ರಿ ಊಟ ಮಾಡುವಾಗಲೂ ನೋವಂತೆ, ಅಮ್ಮನಿಗೆ ಗೊತ್ತು, ಅಪ್ಪನಿಗೆ ಗೊತ್ತಿಲ್ಲ.

ಆರ್ಥೋ (ಮೂಳೆ ಡಾಕ್ಟರ್) ಸರ್ ಎರಡೂ ಮೊಣಕೈ ಎಕ್ಸ್‌ರೇ ಮಾಡಿಸಿದರು. ಮಕ್ಕಳಲ್ಲಿ ಒಂದೇ ಕೈ ತೆಗೆಸಿದರೆ ಯಾವುದು ಬೆಳವಣಿಗೆಯ ಗೆರೆ, ಯಾವುದು ಬಿರುಕು ಅಂತ ತಲೆ ಕೆಡುತ್ತದೆ, ಆ ಕಡೆಯದರ ಜೊತೆ ಇಟ್ಟು ನೋಡಬೇಕು. ಬಲಗಡೆಯ ಗೆರೆ ಎಡಗಡೆಯದಕ್ಕಿಂತ ಸ್ವಲ್ಪ ಅಗಲವಾಗಿತ್ತು. ಆರು ವಾರ ರೆಸ್ಟ್, ಐಸ್, ಆಮೇಲೆ ಭುಜ, ಸ್ಕ್ಯಾಪುಲಾ (ಹೆಗಲ ಮೂಳೆ), ಕೋರ್ (ಹೊಟ್ಟೆ, ಸೊಂಟ) ಗಟ್ಟಿ ಮಾಡುವ ವ್ಯಾಯಾಮ. ಇಂಜೆಕ್ಷನ್ ಕೊಡಿಸಿಬಿಡೋಣವಾ ಅಂತ ಅಪ್ಪ ಕೇಳಿದರು. ಸ್ಟಿರಾಯ್ಡ್ ಇಂಜೆಕ್ಷನ್ ದೊಡ್ಡವರ ಟೆನಿಸ್ ಎಲ್ಬೋಗೇ ಮೊದಲ ಕೆಲವು ವಾರ ಆರಾಮ ಕೊಟ್ಟು ಆಮೇಲೆ ಕೈಕೊಡುತ್ತದೆ, ಮಗುವಿಗೆ ಕೇಳಲೇಬೇಡಿ ಅಂದೆ. ನೋವಿನ ಮಾತ್ರೆ ನುಂಗಿಸಿ ಆಡಿಸುವುದೂ ಬೇಡ ಅಂದೆ. ಎಲ್ಲ ಸರಿಯಾಗಿಯೇ ಹೇಳಿದೆ.

ನಾಲ್ಕನೇ ವಾರ ಅಪ್ಪ ಬಂದರು. ಶಾಲೆಯ ಟೂರ್ನಮೆಂಟ್ ಇದೆ, ನೋಡೋಕೆ ಸೆಲೆಕ್ಟರ್ ಯಾರೋ ಬರುತ್ತಾರಂತೆ, ಬರೀ ಬ್ಯಾಟಿಂಗ್ ಮಾಡಲಿ ಮೇಡಂ. ಆರ್‌ಒಎಂ (ಮೊಣಕೈ ಮಡಚಿ ಚಾಚುವುದು) ಫುಲ್, ಒತ್ತಿದರೆ ನೋವಿಲ್ಲ, ವಿಎಎಸ್ (ನೋವಿನ ಅಂಕ) ಸೊನ್ನೆ. ಆರ್ಥೋ ಸರ್ ಬ್ಯಾಟಿಂಗ್‌ಗೆ ಒಪ್ಪಿದರು. ಫಿಟ್‌ನೆಸ್ ಫಾರ್ಮ್ ನನ್ನ ಮುಂದೆ ಬಂತು. ಅದರಲ್ಲಿ ಎರಡೇ ಬಾಕ್ಸ್: ಫಿಟ್, ಅನ್‌ಫಿಟ್. ಫಿಟ್‌ಗೆ ಟಿಕ್ ಹಾಕಿ, ರಿಮಾರ್ಕ್ಸ್ ಅಂತ ಇರುವ ಒಂದೂವರೆ ಇಂಚಿನ ಜಾಗದಲ್ಲಿ "ನೋ ಬೌಲಿಂಗ್" ಅಂತ ಬರೆದು ಸೀಲ್ ಹಾಕಿದೆ.

ಆ ಭಾನುವಾರ ಗ್ರೌಂಡ್ ಡ್ಯೂಟಿ ನನ್ನದೇ. ಶಾಮಿಯಾನ, ಐಸ್ ಬಾಕ್ಸ್, ಸ್ಪ್ರೇ, ಎರಡು ಪ್ಲಾಸ್ಟಿಕ್ ಕುರ್ಚಿ. ಹುಡುಗ ಡೀಪ್ ಸ್ಕ್ವೇರ್ ಲೆಗ್‌ನಲ್ಲಿ ನಿಂತಿದ್ದ. ನೋಡಿದೆ, ಕೈ ಬೀಸಿದ, ನಾನೂ ಬೀಸಿದೆ. ಬೌಂಡರಿಯಲ್ಲಿ ಯಾಕೆ ನಿಂತಿದ್ದಾನೆ ಅಂತ ತಲೆಗೆ ಹೊಳೆಯಲೇ ಇಲ್ಲ. ಆಮೇಲೆ ಗೊತ್ತಾಗಿದ್ದು, ಬೌಲಿಂಗ್ ಇಲ್ವಲ್ಲ, ನಿನ್ನ ಥ್ರೋ ಚೆನ್ನಾಗಿದೆ, ಹೊರಗಡೆ ನಿಲ್ಲು ಅಂತ ಕೋಚ್ ಕಳಿಸಿದ್ದರಂತೆ. ಫಾರ್ಮ್ ಪ್ರಕಾರ ಕೋಚ್ ಮಾಡಿದ್ದು ನೂರಕ್ಕೆ ನೂರು ಸರಿ.

ಬ್ಯಾಟ್ಸ್‌ಮನ್ ಸ್ವೀಪ್ ಮಾಡಿದ. ಎರಡನೇ ರನ್‌ಗೆ ತಿರುಗಿದರು. ಹುಡುಗ ಓಡಿ ಬಂದು ಚೆಂಡು ಎತ್ತಿಕೊಂಡ, ಕೈ ಹಿಂದಕ್ಕೆ ಹೋಯಿತು. ಆ ಕ್ಷಣದಲ್ಲಿ, ಕೈ ಹಿಂದೆ ಬಾಗಿ ಮೊಣಕೈ ಮುಂದೆ ಬರುವ ಆ ಒಂದು ಕ್ಷಣದಲ್ಲಿ, ನನಗೆ ಎಲ್ಲ ಅರ್ಥವಾಯಿತು, ಕೂಗೋಕೆ ಬಾಯಿ ತೆರೆದೆ, ಅಷ್ಟರಲ್ಲಿ ಚೆಂಡು ಕೀಪರ್ ಕೈಯಲ್ಲಿತ್ತು. ಫ್ಲ್ಯಾಟ್ ಥ್ರೋ, ಸ್ಟಂಪ್ ಪಕ್ಕಕ್ಕೇ. ರನೌಟ್. ಟೀಮ್ ಪೂರ್ತಿ ಕೀಪರ್ ಸುತ್ತ ಕುಣಿಯುತ್ತಿತ್ತು, ಪೆವಿಲಿಯನ್ ಕಡೆ ಅಪ್ಪ ಚಪ್ಪಾಳೆ ಹೊಡೆಯುತ್ತಿದ್ದರು. ಹುಡುಗ ಮಾತ್ರ ಅಲ್ಲಾಡಲಿಲ್ಲ, ಎಡಗೈಯಲ್ಲಿ ಬಲ ಮೊಣಕೈ ಹಿಡಿದು ನಿಂತಿದ್ದ.

ಓಡಿದೆ. "ಟಕ್ ಅಂತು ಮ್ಯಾಮ್" ಅಂದ, ಆಮೇಲೆ "ಔಟ್ ಆದ್ನಾ?" ಅಂದ. ರೇಡಿಯಲ್ ಪಲ್ಸ್ ನೋಡಿದೆ. ಕಿರುಬೆರಳು ಮುಟ್ಟಿ ಗೊತ್ತಾಗುತ್ತಾ ಅಂತ ಕೇಳಿದೆ, ಬೆರಳು ಅಗಲಿಸು ಅಂದೆ, ಕಿರುಬೆರಳಿಗೆ ಹೋಗುವ ಅಲ್ನಾರ್ ನರ ಆ ಗುಬುಟಿನ ಹಿಂದೆಯೇ ಹೋಗುವುದರಿಂದ ನನಗೆ ಅದೇ ಭಯ. ಬೆರಳು ಸರಿ ಇದ್ದವು. ಸ್ಲಿಂಗ್ ಕಟ್ಟಿ ಐಸ್ ಇಟ್ಟೆ. ಅಪ್ಪ ಬಂದರು. ಕೂಗಾಡಿದ್ದರೆ ಒಳ್ಳೆಯದಿತ್ತು. ಮೆಲ್ಲಗೆ ಕೇಳಿದರು, "ನೀವೇ ಫಿಟ್ ಅಂದಿದ್ರಿ ಅಲ್ವಾ ಮೇಡಂ?" ಉತ್ತರ ಇರಲಿಲ್ಲ. ನಾನೂ ಅವರ ಕಾರಲ್ಲೇ ಆಸ್ಪತ್ರೆಗೆ ಹೋದೆ. ದಾರಿಯುದ್ದಕ್ಕೂ ಆಪರೇಷನ್ ಅಂತಾರಾ, ಇಲ್ವಾ ಅನ್ನುವುದೊಂದೇ ತಲೆಯಲ್ಲಿ. ಎಪಿಕಾಂಡೈಲಿನ ಚೂರು ಕಿತ್ತು ಜಾಸ್ತಿ ದೂರ ಸರಿದರೆ, ಇಲ್ಲ ಕೀಲಿನೊಳಗೆ ಸಿಕ್ಕಿಕೊಂಡರೆ, ಸ್ಕ್ರೂ ಹಾಕಬೇಕಾಗುತ್ತದೆ. ಇವನದ್ದು ಸರಿದದ್ದು ಚೂರೇ ಚೂರು. ಸ್ಲ್ಯಾಬ್ (ಅರ್ಧ ಪ್ಲಾಸ್ಟರ್) ಹಾಕಿದರು, ಕೆಲವು ವಾರ ಅಷ್ಟೇ ಅಂದರು. ಆರ್ಥೋ ಸರ್ ಫಾರ್ಮ್ ನೋಡಿ ನನ್ನ ಕಡೆ ತಿರುಗಿ, "ಥ್ರೋ ಮಾಡಿದ್ರೂ ಪರವಾಗಿಲ್ಲ ಅಂತ ಅಂದ್ಕೊಂಡ್ರಾ?" ಅಂದರು. ನಾನು ಅಂದುಕೊಂಡೇ ಇರಲಿಲ್ಲ. ಅದೇ ಸಮಸ್ಯೆ.

ಬೌಲಿಂಗ್ ಅಂದರೆ ಹೆಚ್ಚುಕಡಿಮೆ ನೇರ ಕೈ. ಚೆಂಡು ಬಿಡುವಾಗ ಮಡಚಿದ ಮೊಣಕೈ 15 ಡಿಗ್ರಿಗಿಂತ ಜಾಸ್ತಿ ನೇರವಾದರೆ ಐಸಿಸಿ ಬೌಲಿಂಗೇ ನಿಲ್ಲಿಸುತ್ತದೆ. ವೇಗಿಗಳ ಹೊರೆ ಬೀಳುವುದು ಸೊಂಟಕ್ಕೆ, ಭುಜಕ್ಕೆ. ಮೊಣಕೈಯ ಒಳಮಗ್ಗುಲನ್ನು ಬಾಯಿ ತೆರೆಸುವ ಹಾಗೆ ಎಳೆಯುವುದು ಥ್ರೋ, ಅದೂ ಬೌಂಡರಿಯಿಂದ ಎಸೆಯುವುದು. ಅವನ ನೋವು ಬಂದಿದ್ದೇ ಬೌಲಿಂಗ್‌ನಿಂದಲ್ಲ. ಆಮೇಲೆ ಅಮ್ಮನನ್ನು ಕೂರಿಸಿ ಕೇಳಿದರೆ ಪಟ್ಟಿ ಬಂತು: ಬೆಳಿಗ್ಗೆ ಫೀಲ್ಡಿಂಗ್ ಡ್ರಿಲ್, ಸಂಜೆ ಗೆಳೆಯರಿಗೆ ಥ್ರೋಡೌನ್ (ಬ್ಯಾಟಿಂಗ್ ಅಭ್ಯಾಸಕ್ಕೆ ಚೆಂಡು ಎಸೆದು ಕೊಡುವುದು), ಭಾನುವಾರ ಅಪ್ಪನ ಜೊತೆ ಒಂದೇ ಸ್ಟಂಪಿಗೆ ಗುರಿ, ಹೊಡೆಯುವವರೆಗೂ ಮನೆಗೆ ಹೋಗೋ ಹಾಗಿಲ್ಲ. ಇದರ ಮೇಲೆ, 13ರೊಳಗಿನವರಿಗೆ 133ರಿಂದ 144 ಗ್ರಾಂ ಚೆಂಡು ಅಂತ ಕ್ರಿಕೆಟ್ ನಿಯಮದಲ್ಲೇ ಇದ್ದರೂ, ಅಭ್ಯಾಸ ಆಗ್ಲಿ ಅಂತ ದೊಡ್ಡವರ 156 ಗ್ರಾಂ ಮೇಲಿನ ಚೆಂಡನ್ನೇ ಕೊಟ್ಟಿದ್ದರು. ಇದನ್ನೆಲ್ಲ ನಾನು ಮೊದಲ ದಿನ ಕೇಳಬೇಕಿತ್ತು. ನಾನು ಕೇಳಿದ್ದು "ದಿನಕ್ಕೆ ಎಷ್ಟು ಓವರ್ ಹಾಕ್ತೀಯಾ?" ಮಾತ್ರ. ಎಲ್ಲರೂ ಕೇಳುವುದು ಅದನ್ನೇ, ಕೋಚ್ ಡೈರಿಯಲ್ಲಿರುವುದೂ ಅದೇ. ನಮ್ಮ ಮೈದಾನಗಳಲ್ಲಿ ಮಕ್ಕಳ ಥ್ರೋ ಎಣಿಸುವವರನ್ನು ನಾನಂತೂ ಕಂಡಿಲ್ಲ. ಅಮೆರಿಕದ ಮಕ್ಕಳ ಬೇಸ್‌ಬಾಲ್ ಸಂಸ್ಥೆ ಲಿಟಲ್ ಲೀಗ್‌ನವರು 2007ರಿಂದ ಮಕ್ಕಳ ಪಿಚ್ (ಬ್ಯಾಟರ್‌ಗೆ ಎಸೆಯುವ ಎಸೆತ) ಎಣಿಸುತ್ತಾರೆ, 11-12 ವಯಸ್ಸಿನವರಿಗೆ ದಿನಕ್ಕೆ 85, ಅಷ್ಟಾದರೆ ಪಿಚಿಂಗ್ ಸಾಕು. ಆ ಲೆಕ್ಕ ಕ್ರಿಕೆಟ್‌ಗೆ ಹಾಗೇ ಹೊಂದುವುದಿಲ್ಲ, ಆದರೆ ಎಣಿಸುವ ಬುದ್ಧಿ ಹೊಂದುತ್ತದಲ್ಲ.

ಇನ್ನೊಂದು, ನೋವು ಹೋಯಿತು ಅಂದರೆ ಆ ಜಾಗ ಕೂಡಿಕೊಂಡಿತು ಅಂತಲ್ಲ. ರೆಸ್ಟ್ ಮಾಡಿದ ಮೂರು ವಾರಕ್ಕೇ ಎಷ್ಟೋ ಮಕ್ಕಳಿಗೆ ನೋವು ಮಾಯ. ಅಲ್ಲೇ ಮೋಸ. ಈಗ ನಾನು ಮಾಡುವುದು ಹೀಗೆ: ಆರು ವಾರ ಥ್ರೋ ಪೂರ್ತಿ ಬಂದ್, ಆಮೇಲೆ ಹತ್ತಿರದಿಂದ ಹಗುರವಾಗಿ, ದಿನ ಬಿಟ್ಟು ದಿನ, ಸ್ವಲ್ಪ ಸ್ವಲ್ಪ ದೂರ ಹೆಚ್ಚಿಸುತ್ತಾ. ನೋವು ಬಂದರೆ ಹಿಂದಿನ ಹಂತಕ್ಕೆ ವಾಪಸ್. ಬೌಂಡರಿ ಕೊನೆಗೆ. ನೋವು ಹೊರಮಗ್ಗುಲಿನಲ್ಲಿದ್ದು, ಕೈ ಪೂರ್ತಿ ಚಾಚೋಕೆ ಆಗದೆ, ಇಲ್ಲ ಮಧ್ಯದಲ್ಲಿ ಸಿಕ್ಕಿಕೊಂಡ ಹಾಗೆ ಆಗುತ್ತಿದ್ದರೆ ಅದು ಬೇರೆಯೇ ಕಥೆ. ಹತ್ತು ದಾಟಿದ ಮಕ್ಕಳಲ್ಲಿ ಕೀಲಿನ ಮೃದ್ವಸ್ಥಿಯ ಕೆಳಗಿನ ಮೂಳೆಯೇ ಹಾಳಾಗಿರಬಹುದು, ಎಂಆರ್‌ಐ ಬೇಕಾಗಬಹುದು, ನಾನು ಕೈ ಹಾಕುವ ಮೊದಲು ಆರ್ಥೋಗೆ ಕಳಿಸುತ್ತೇನೆ. ಜಿಮ್ನಾಸ್ಟಿಕ್ಸ್ ಮಕ್ಕಳಲ್ಲಿ ಇದನ್ನು ಇನ್ನೂ ಹುಷಾರಾಗಿ ನೋಡಬೇಕು, ಇಡೀ ಮೈಭಾರ ಕೈ ಮೇಲೆ ಹಾಕುವವರು ಅವರು.

ಹುಡುಗ ಈಗ ಆಡುತ್ತಿದ್ದಾನೆ. ಸ್ಲಿಪ್‌ನಲ್ಲಿ ನಿಲ್ಲುತ್ತಾನೆ, ಅವನಿಗೆ ಅದು ಇಷ್ಟವಿಲ್ಲ. ಥ್ರೋ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆಯುವುದು ಅಪ್ಪನ ಕೆಲಸ. ಭಾನುವಾರದ ಲೆಕ್ಕದಲ್ಲಿ ಅವರು ಸ್ವಲ್ಪ ಕಡಿಮೆ ಬರೆಯುತ್ತಾರೆ ಅಂತ ಅಮ್ಮನ ದೂರು.

ಮ್ಯಾನೇಜ್‌ಮೆಂಟ್ ಏನು ಮಾಡಿತು ಅಂತ ಕೇಳಬೇಡಿ. ಇನ್ಸಿಡೆಂಟ್ ರಿಪೋರ್ಟ್ ಬರೆಸಿಕೊಂಡರು, ಒಂದು ಮೀಟಿಂಗ್ ಆಯಿತು, ಫಾರ್ಮ್ ಹೊಸದಾಗಿ ಪ್ರಿಂಟ್ ಆಗಿ ಬಂತು. ಲೋಗೋ ದೊಡ್ಡದಾಗಿದೆ, ಬಾಕ್ಸ್ ಎರಡೇ, ರಿಮಾರ್ಕ್ಸ್ ಜಾಗ ಇನ್ನೂ ಕಿರಿದಾಗಿದೆ. ನಾನು ಹಿಂಬದಿಯಲ್ಲಿ ಕೈಯಲ್ಲೇ ಬರೆಯುತ್ತೇನೆ: ಬ್ಯಾಟಿಂಗ್ ಓಕೆ, ಬೌಲಿಂಗ್ ಬೇಡ, ಥ್ರೋ ಬೇಡ, ಫೀಲ್ಡಿಂಗ್ ಮಾಡಿದರೆ ಚೆಂಡು ಕೆಳಗಿನಿಂದ ಉರುಳಿಸಬೇಕು, ಥ್ರೋಡೌನ್ ಕೊಡಬಾರದು. ಕೋಚ್‌ಗೆ ಅದರ ಫೋಟೋ ವಾಟ್ಸಾಪ್ ಮಾಡಿ, ಓದಿದ್ದೇನೆ ಅಂತ ಉತ್ತರ ಬರುವವರೆಗೆ ಸೀಲ್ ಹಾಕಲ್ಲ. ಮೊನ್ನೆ ರಿವ್ಯೂನಲ್ಲಿ ಎಚ್‌ಓಡಿ ಕೇಳಿದರು, ಮಕ್ಕಳ ಎಲ್ಬೋ ಕೇಸ್‌ಗಳಲ್ಲಿ ನಿಮ್ಮ ಸಿಟಿಂಗ್ ಯಾಕಿಷ್ಟು ಕಡಿಮೆ ಅಂತ. ಮೊದಲ ಆರು ವಾರದ ಚಿಕಿತ್ಸೆ ಸುಮ್ನೆ ಇರೋದು ಸರ್, ಅದಕ್ಕೆ ಬಿಲ್ ಹೇಗೆ ಹಾಕೋದು ಅಂದೆ. ಯೋಚನೆ ಮಾಡಿ ಹೇಳ್ತೀನಿ ಅಂದಿದ್ದಾರೆ.