‘ದ ರೋಸ್ ಟ್ರೀ’ ಯಾರ ಸ್ವತ್ತು?

ಪಿಟೀಲಿನಲ್ಲಿ ‘ದ ರೋಸ್ ಟ್ರೀ’ ನುಡಿಸಿದಾಗಲೆಲ್ಲ ಕೇಳಿದವರು ತಪ್ಪದೆ ಎತ್ತುವ ಪ್ರಶ್ನೆಯೊಂದಿದೆ: ಇದು ಐರ್ಲೆಂಡಿನ ಜನಪದ ಧಾಟಿಯೋ, ಆಪೆರಾದ ಹಾಡೋ? ಧಾಟಿ ಜನರದು, ಹೆಸರು ಆಪೆರಾದ್ದು ಎಂಬುದು ನನ್ನ ಉತ್ತರ.

ಈ ಹೆಸರು ಬಂದದ್ದು ‘ದ ಪೂರ್ ಸೋಲ್ಜರ್’ ಎಂಬ ಹಾಸ್ಯ ಆಪೆರಾದಿಂದ. ಅಮೆರಿಕದ ಯುದ್ಧದಿಂದ ತನ್ನ ಹಳ್ಳಿಗೆ ಮರಳಿದ ಐರಿಷ್ ಸಿಪಾಯಿಯೊಬ್ಬನ ಪ್ರೇಮಕಥೆಯಾದ ಇದು 1783ರ ನವೆಂಬರಿನಲ್ಲಿ ಲಂಡನ್ನಿನ ಕಾವೆಂಟ್ ಗಾರ್ಡನ್ ರಂಗಮಂದಿರದಲ್ಲಿ ಮೊದಲ ಬಾರಿಗೆ ರಂಗವೇರಿತು. ಮಾತು ಮತ್ತು ಹಾಡುಗಳನ್ನು ಬರೆದವರು ಡಬ್ಲಿನ್ನಿನಲ್ಲಿ ಹುಟ್ಟಿದ ಜಾನ್ ಓಕೀಫ್. ಸಂಗೀತವನ್ನು ಹೊಂದಿಸಿದವರು ವಿಲಿಯಂ ಶೀಲ್ಡ್. ಕಣ್ಣಿನ ದೃಷ್ಟಿ ಕುಂದುತ್ತಿದ್ದ ಓಕೀಫ್ ತಮಗೆ ಬಾಯಿಪಾಠವಾಗಿದ್ದ ಐರಿಷ್ ಧಾಟಿಗಳನ್ನು ಹಾಡಿ ತೋರಿಸುತ್ತಿದ್ದರು, ಶೀಲ್ಡ್ ಅವನ್ನು ಸ್ವರಲಿಪಿಗೆ ಇಳಿಸಿಕೊಳ್ಳುತ್ತಿದ್ದರು. ತುಂಬು ಹೂಬಿಟ್ಟ ಗುಲಾಬಿ ಗಿಡವನ್ನು ಕುರಿತ ಸಾಲುಗಳು ಅಂಥದೊಂದು ಧಾಟಿಗೆ ಕೂತವು, ಗಿಡದ ಹೆಸರೇ ಧಾಟಿಗೂ ಅಂಟಿಕೊಂಡಿತು.

ಇದನ್ನು ಕದ್ದದ್ದು ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ನಮ್ಮ ಕಂಪನಿ ನಾಟಕಗಳಲ್ಲಿ ಪ್ರಸಿದ್ಧ ಹಾಡಿನ ಮಟ್ಟಿಗೆ ಹೊಸ ಸಾಹಿತ್ಯ ಕಟ್ಟುತ್ತಿದ್ದಂತೆಯೇ ಲಂಡನ್ನಿನಲ್ಲಿಯೂ ನಡೆಯುತ್ತಿತ್ತು. 1728ರ ‘ದ ಬೆಗರ್ಸ್ ಆಪೆರಾ’ದ 69 ಹಾಡುಗಳು ಹೆಚ್ಚಾಗಿ ಆಗಲೇ ಜನರ ಬಾಯಲ್ಲಿದ್ದ ಮಟ್ಟುಗಳ ಮೇಲೆಯೇ ನಿಂತಿದ್ದವು, ಮತ್ತು ಪರಿಚಿತ ಮಟ್ಟಿಗೆ ಅನಿರೀಕ್ಷಿತ ಮಾತು ಕೂಡಿದಾಗಲೇ ಅದರ ಹಾಸ್ಯಕ್ಕೆ ಮೊನೆ ಬರುತ್ತಿತ್ತು.

ಧಾಟಿಯ ಮೈಕಟ್ಟು ಕೂಡ ರಂಗಕ್ಕಿಂತ ಕುಣಿತಕ್ಕೇ ಹತ್ತಿರ. ಎಂಟೆಂಟು ಬಾರ್‌ಗಳ, ಅಂದರೆ ತಾಳದ ಆವರ್ತಗಳ, ಎರಡು ಭಾಗಗಳನ್ನು ತಲಾ ಎರಡು ಸಲ ನುಡಿಸಬೇಕು. ಮೊದಲ ಭಾಗ ಮೇಲಿನಿಂದ ಆಧಾರಸ್ವರಕ್ಕೆ ಇಳಿಯುತ್ತದೆ. ಎರಡನೆಯದು ತಾರಸ್ಥಾಯಿಗೆ ಏರಿ, ಕೊನೆಗೆ ಮೊದಲ ಭಾಗದ ಮುಕ್ತಾಯವನ್ನೇ ಎತ್ತಿಕೊಂಡು ಮನೆಗೆ ಮರಳುತ್ತದೆ. ಬೆರಳಿಗೆ ಹೊಸದಾಗಿ ಕಲಿಯಬೇಕಾದದ್ದು ಕಡಿಮೆಯಾದ್ದರಿಂದ ಹೊಸಬರಿಗೆ ನಾನು ಮೊದಲು ಹೇಳಿಕೊಡುವುದು ಇದನ್ನೇ.

ಸ್ಕಾಟ್ಲೆಂಡಿನವರೂ ಈ ಧಾಟಿ ತಮ್ಮದೆನ್ನುತ್ತಾರೆ, ಇಂಗ್ಲೆಂಡಿನ ಮಾರಿಸ್ ಎಂಬ ಜನಪದ ಕುಣಿತದ ನರ್ತಕರು ಇದಕ್ಕೆ ಹೆಜ್ಜೆ ಹಾಕುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಐರಿಷ್ ಕವಿ ಥಾಮಸ್ ಮೂರ್ ಇದೇ ಮಟ್ಟಿಗೆ ಬೇರೊಂದು ಪ್ರೇಮಗೀತೆಯನ್ನು ಬರೆದರು. ಹಾಗಾಗಿ ನನ್ನ ಸ್ವರಪುಸ್ತಕದಲ್ಲಿ ರಚನೆಕಾರರ ಜಾಗದಲ್ಲಿ ‘ಸಾಂಪ್ರದಾಯಿಕ’ ಎಂದೇ ಬರೆದಿದ್ದೇನೆ. ಶೀಲ್ಡ್ ಅವರ ಹೆಸರು ಅದರ ಕೆಳಗೆ, ‘ಬರೆದುಕೊಂಡವರು’ ಎಂಬ ಮಾತಿನೊಂದಿಗೆ ಇದೆ.